ಹೂವು ಬರೀ ಬಣ್ಣವಾದಾಗ

ಮದುವೆಯ ಸ್ಟೇಜು ನಮ್ಮ ಕಾಲದಲ್ಲಿ ಬಹಳ ಜನ ಓದುವ ಪಠ್ಯ. ಕಾದಂಬರಿಯನ್ನು ಮುಟ್ಟದವರೂ ಅದನ್ನು ಮೊಬೈಲಿನಲ್ಲಿ ಹಿಗ್ಗಿಸಿ ನೋಡುತ್ತಾರೆ, ನಮಗೂ ಇಂಥದ್ದೇ ಬೇಕು ಎಂದು ಡೆಕೋರೇಶನ್‌ನವರಿಗೆ ತೋರಿಸುತ್ತಾರೆ. ಹಾನಗಲ್ಲ ತಾಲ್ಲೂಕಿನ ಅಕ್ಕಿಆಲೂರಿನಂಥ ಊರಿಗೂ ಈ ಪಠ್ಯದ ಹೊಸ ಆವೃತ್ತಿ ಬಂದು ಮುಟ್ಟಿದೆ. ಚೆಂಡುಹೂವಿನ ಹಳದಿ ಸರ, ಕೆಂಪು ಗುಲಾಬಿ, ಬಾಳೆಕಂಬದ ಹಸಿರು ಇದ್ದಲ್ಲಿ ಈಗ ನಸುಗೆಂಪು, ಕೆನೆಬಿಳುಪು, ಪೀಚ್, ತಿಳಿನೇರಳೆ ಬಂದಿವೆ. ಹಿಂದಿನ ಪರದೆ, ಕುರ್ಚಿಯ ಬಟ್ಟೆ, ಮದುಮಗಳ ಸೀರೆ, ಕೊರಳ ಹಾರ ಎಲ್ಲವೂ ಒಂದೇ ಬಣ್ಣದ ಮನೆತನಕ್ಕೆ ಸೇರಿರಬೇಕು. ಯಾವುದೋ ಒಂದು ಹೂವು ಜೋರಾಗಿ ಮಾತಾಡಿದರೂ ಫೋಟೋ ಕೆಟ್ಟಿತು.

ಇದರ ಬಗ್ಗೆ ಸಾಮಾನ್ಯವಾಗಿ ಎರಡು ಮಾತು ಕೇಳಿಬರುತ್ತವೆ. ಒಂದು, ಇದು ಪರದೇಶದ ಗೀಳು, ನಮ್ಮ ಸಂಸ್ಕೃತಿ ಹಾಳಾಯಿತು ಎಂಬ ಹಳಹಳಿಕೆ. ಇನ್ನೊಂದು, ಅವರವರ ಮದುವೆ, ಅವರವರ ರುಚಿ ಎಂಬ ಉದಾರತೆ. ಎರಡೂ ಹೂವನ್ನು ಓದುವುದಿಲ್ಲ. ಮದುವೆಯಲ್ಲಿ ಹೂವು ಏನು ಕೆಲಸ ಮಾಡುತ್ತಿತ್ತು, ಈಗ ಏನು ಮಾಡುತ್ತಿದೆ ಎಂಬ ಪ್ರಶ್ನೆಯನ್ನು ಇಟ್ಟುಕೊಂಡರೆ ಎರಡೂ ಮಾತುಗಳು ಸಾಲುವುದಿಲ್ಲ.

ಈ ತಿಳಿಬಣ್ಣದ ವಂಶಾವಳಿ ಗುಟ್ಟೇನಲ್ಲ. 1840ರಲ್ಲಿ ವಿಕ್ಟೋರಿಯಾ ರಾಣಿ ಬಿಳಿ ಉಡುಪು ತೊಟ್ಟು, ತಲೆಗೆ ಕಿತ್ತಳೆ ಹೂವಿನ ದಂಡೆ ಧರಿಸಿ ಮದುವೆಯಾದದ್ದು ಯುರೋಪಿನ ಮದುವೆಯ ಬಣ್ಣವನ್ನು ಬಹುಕಾಲಕ್ಕೆ ನಿರ್ಧರಿಸಿತು. 2017ರ ಡಿಸೆಂಬರಿನಲ್ಲಿ ಇಟಲಿಯಲ್ಲಿ ನಡೆದ ಅನುಷ್ಕಾ ಶರ್ಮಾ, ವಿರಾಟ್ ಕೊಹ್ಲಿ ಮದುವೆಯ ನಸುಗೆಂಪು ಲೆಹಂಗಾ ಮತ್ತು ಅದಕ್ಕೆ ಹೊಂದುವ ಹೂವುಗಳ ಚಿತ್ರಗಳು ಒಂದೇ ದಿನದಲ್ಲಿ ದೇಶದ ಎಲ್ಲ ಫೋನುಗಳಿಗೆ ಹರಿದವು. ನಮ್ಮ ಊರುಗಳ ಸ್ಟೇಜಿಗೆ ಬಂದದ್ದು ಆ ಚಿತ್ರಗಳ ಚಿತ್ರ. ಮೂಲದಲ್ಲಿ ಹೂವಿತ್ತು, ಇಲ್ಲಿಗೆ ಬರುವಷ್ಟರಲ್ಲಿ ಬಣ್ಣ ಉಳಿಯಿತು. ಅದಕ್ಕೇ ಬಟ್ಟೆಯ ಹೂವು, ಪ್ಲಾಸ್ಟಿಕ್ ಹೂವು, ನಿಜದ ಹೂವು ಪಕ್ಕಪಕ್ಕದಲ್ಲಿ ಕೂತರೂ ಯಾರಿಗೂ ತೊಂದರೆಯಿಲ್ಲ. ಕ್ಯಾಮೆರಾಕ್ಕೆ ಮೂರೂ ಒಂದೇ.

ಕನ್ನಡಕ್ಕೆ ಮೆದು ಬಣ್ಣಗಳು ಗೊತ್ತಿಲ್ಲ ಎಂದಲ್ಲ. ನಸು, ತಿಳಿ, ಎಳೆ ಎಂಬ ಮೂರು ಪುಟ್ಟ ಮಾತುಗಳನ್ನು ಹಿಂದೆ ಹಚ್ಚಿದರೆ ಯಾವ ಬಣ್ಣವೂ ಮೆದುವಾಗುತ್ತದೆ. ಆದರೆ ಆ ಮಾತುಗಳನ್ನು ಕಿವಿಗೊಟ್ಟು ಕೇಳಿ. ತಿಳಿ ಎಂದರೆ ಕದಡಿದ ನೀರು ನೆಲೆಗೊಂಡದ್ದು. ಎಳೆ ಎಂದರೆ ಇನ್ನೂ ಬಲಿಯದ್ದು, ನಾಳೆ ಬಲಿಯುವಂಥದ್ದು. ಎಳೆಹಸಿರು ಎನ್ನುವಾಗ ನಾವು ಬಣ್ಣದ ಜೊತೆಗೆ ಒಂದು ವಯಸ್ಸನ್ನೂ ಹೇಳುತ್ತೇವೆ. ಕನ್ನಡದ ಮೆದು ಬಣ್ಣ ಹೊತ್ತಿನೊಳಗೆ ಇರುವ ಬಣ್ಣ.

ಹಾನಗಲ್ಲಿಗೆ ದೂರವಲ್ಲದ ಬನವಾಸಿಯನ್ನು ಪಂಪ 10ನೆಯ ಶತಮಾನದಲ್ಲಿ ನೆನೆದ ಬಗೆಯನ್ನು ಸಾಹಿತ್ಯದ ವಿದ್ಯಾರ್ಥಿಗಳೆಲ್ಲ ಬಲ್ಲರು. ಅಲ್ಲಿ ತೆಂಕಣ ಗಾಳಿ ಮೈಗೆ ತಾಗುತ್ತದೆ, ಇಂಪಾದ ಹಾಡು ಕಿವಿಯೊಳಗೆ ಇಳಿಯುತ್ತದೆ, ಮಲ್ಲಿಗೆ ಕಣ್ಣಿಗೆ ಬೀಳುತ್ತದೆ. ಮಲ್ಲಿಗೆಯನ್ನು ಪಂಪ ಕಾಣುತ್ತಾನೆ, ನಿಜ. ಆದರೆ ಅದಕ್ಕೆ ಅವನು ಕೊಡುವ ವಿಶೇಷಣ ಬಿರಿದದ್ದು ಎಂಬುದು, ಬಿಳಿಯದು ಎಂಬುದಲ್ಲ. ಅವನು ಕಂಡದ್ದು ಒಂದು ಘಟನೆಯನ್ನು. ಮೊಗ್ಗು ಕೊಂಡು, ನಾರಿನಲ್ಲಿ ಕಟ್ಟಿ, ಸಂಜೆಗೆ ಅದು ತಲೆಯಲ್ಲಿ ಅರಳುವುದನ್ನು ಕಾಯುವ ನಮ್ಮ ಹೆಂಗಸರ ಲೆಕ್ಕವೂ ಇದೇ. ಮುಡಿದ ಮಲ್ಲಿಗೆ ಒಂದು ಗಡಿಯಾರ. ಸಂಜೆ ಬಿರಿದು, ರಾತ್ರಿ ಕಮ್ಮಗೆ ತುಂಬಿ, ಬೆಳಗಿಗೆ ಕಂದಾಗುತ್ತದೆ. ಕೆ.ಎಸ್. ನರಸಿಂಹಸ್ವಾಮಿಯವರು 1942ರಲ್ಲಿ ದಾಂಪತ್ಯದ ಕವಿತೆಗಳಿಗೆ ‘ಮೈಸೂರು ಮಲ್ಲಿಗೆ’ ಎಂದು ಹೆಸರಿಟ್ಟಾಗ ಓದುಗರು ಮೊದಲು ನೆನೆದದ್ದು ಅದರ ಬಿಳುಪನ್ನಲ್ಲ.

ಮದುವೆಯ ಹೂವಿಗೆ ಇನ್ನೊಂದು ಗುಣವಿತ್ತು: ಬೆರಕೆ. ಮಲ್ಲಿಗೆ, ಅಬ್ಬಲಿಗೆ, ಸೇವಂತಿಗೆಯ ನಡುವೆ ಮರುಗ, ದವನ, ಪಚ್ಚೆತೆನೆ ಸೇರಿಸಿ ಕಟ್ಟುತ್ತಿದ್ದರು. ಕದಂಬ ಎಂಬ ಮಾತಿಗೆ ಮರದ ಹೆಸರಿನ ಜೊತೆಗೆ ಸಮೂಹ ಎಂಬ ಅರ್ಥವೂ ಇದೆ. ಹಾನಗಲ್ಲನ್ನು ಆಳಿದ ಮನೆತನದ ಹೆಸರು ಹೂವಿನ ಹಾರಕ್ಕೂ ಒಪ್ಪುವುದು ಆಕಸ್ಮಿಕವಾದರೂ ಚೆಂದದ ಆಕಸ್ಮಿಕ. ಕದಂಬದ ತರ್ಕ ಬೇರೆ ಬೇರೆಯವು ಒಂದೇ ನಾರಿಗೆ ಬರುವುದು. ಪ್ಯಾಲೆಟ್ಟಿನ ತರ್ಕ ಹೊಂದದ್ದನ್ನು ಮೊದಲೇ ಹೊರಗಿಡುವುದು. ಎರಡು ಮನೆತನಗಳು ಬೀಗರಾಗುವ ದಿನಕ್ಕೆ ಯಾವ ತರ್ಕ ಹೆಚ್ಚು ಒಪ್ಪುತ್ತದೆ ಎಂಬುದನ್ನು ಓದುಗರೇ ಯೋಚಿಸಬಹುದು.

ಇಲ್ಲಿ ಒಂದು ಎದುರುಮಾತು ಬರುತ್ತದೆ, ಬರಬೇಕು. ಅಬ್ಬಲಿಗೆಗೆ, ಅಂದರೆ ಕನಕಾಂಬರಕ್ಕೆ, ವಾಸನೆಯೇ ಇಲ್ಲ. ಅದನ್ನು ಮುಡಿಯುವುದು ಬಣ್ಣಕ್ಕೇ. ಆ ಬಣ್ಣವೂ ಈಗ ಪೀಚ್ ಎಂದು ಕರೆಯುವುದರ ನೆರೆಮನೆಯದು. ಹಾಗಾದರೆ ಅಜ್ಜಿಗೂ ಮೊಮ್ಮಗಳಿಗೂ ಏನು ವ್ಯತ್ಯಾಸ? ವ್ಯತ್ಯಾಸ ಹೂವು ಇರುವ ಜಾಗದಲ್ಲಿದೆ. ಅಜ್ಜಿಯ ಅಬ್ಬಲಿಗೆ ತಲೆಯ ಮೇಲಿತ್ತು. ಉತ್ತರ ಕರ್ನಾಟಕದ ಮದುವೆಯಲ್ಲಿ ಮದುಮಕ್ಕಳ ಹಣೆಗೆ ದಂಡಿ, ಬಾಸಿಂಗ ಕಟ್ಟುತ್ತಾರೆ. ಹೂಗಾರರ ಮನೆಯಿಂದ ಬರುವ ಹೂವು ದೇವರ ಮುಂದೆ ಇರಿಸಿ ಮೈಮೇಲೆ ಏರುತ್ತಿತ್ತು. ಹೂವಿನ ಜೊತೆ ನಾರೂ ದೇವರ ಮುಡಿ ಸೇರಿತು ಎಂಬ ಗಾದೆ ಹುಟ್ಟಿದ್ದು ಹೂವು ಮೈಗೆ ಅಂಟಿಕೊಂಡಿದ್ದ ಲೋಕದಲ್ಲಿ. ಹೊಸ ಅಲಂಕಾರದಲ್ಲಿ ಹೂವು ಬೆನ್ನಿನ ಹಿಂದಕ್ಕೆ ಸರಿದಿದೆ. ಅದನ್ನು ಯಾರೂ ಮುಡಿಯುವುದಿಲ್ಲ, ಮೂಸುವುದಿಲ್ಲ, ಕಿತ್ತು ಮಗುವಿಗೆ ಕೊಡುವುದಿಲ್ಲ. ಹೂದಾನಿಯಲ್ಲಿ ಹೆಚ್ಚು ದಿನ ನಿಲ್ಲಲೆಂದೇ ತಳಿ ತೆಗೆದ ಪಾಲಿಹೌಸಿನ ಗುಲಾಬಿಗಳಲ್ಲಿ ಬಹಳಷ್ಟಕ್ಕೆ ಪರಿಮಳವೂ ಉಳಿದಿಲ್ಲ. ಅದು ಹೂವಿನ ಗೋಡೆ. ಇದೇ ಹಾವೇರಿ ಜಿಲ್ಲೆ ಏಲಕ್ಕಿ ಹಾರಕ್ಕೆ ಹೆಸರಾದದ್ದು ಎಂಬುದನ್ನು ಇಲ್ಲಿ ನೆನೆಯಬೇಕು: ಹೂವೇ ಇಲ್ಲದಿದ್ದರೂ ಕೊರಳಿಗೆ ಬಿದ್ದ ಕೂಡಲೇ ಘಮ್ಮೆನ್ನುವ ಹಾರ ಅದು.

ಬಣ್ಣ ಮತ್ತು ಹೂವಿನ ಈ ಜಗ್ಗಾಟ ಅನುವಾದದಲ್ಲೂ ನಡೆದಿದೆ. ಎ.ಕೆ. ರಾಮಾನುಜನ್ 1973ರ ತಮ್ಮ ಇಂಗ್ಲಿಷ್ ವಚನಾನುವಾದಗಳಲ್ಲಿ ಅಕ್ಕಮಹಾದೇವಿಯ ಚೆನ್ನಮಲ್ಲಿಕಾರ್ಜುನನನ್ನು ಮಲ್ಲಿಗೆಯಂತೆ ಬೆಳ್ಳಗಿರುವ ಒಡೆಯ ಎಂಬ ಅರ್ಥ ಬರುವಂತೆ ತಂದರು. ಅರ್ಜುನ ಎಂದರೆ ಬಿಳಿ ಎಂಬ ಅರ್ಥ ಇರುವುದರಿಂದ ಅದು ತಪ್ಪಲ್ಲ, ಸೊಗಸಾದ ಆಯ್ಕೆ. ಆದರೆ ಆ ಇಂಗ್ಲಿಷ್ ಸಾಲಿನಲ್ಲಿ ಮಲ್ಲಿಗೆ ಒಂದು ಬಣ್ಣದ ಮಾದರಿಯಾಗುತ್ತದೆ. ಕನ್ನಡದಲ್ಲಿ ಅದು ಹೆಸರು. ಹೆಸರು ಕೂಗಿ ಕರೆಯುವುದು ಬೇರೆ, ಬಣ್ಣ ಹೋಲಿಸುವುದು ಬೇರೆ.

ಇಲ್ಲಿಯವರೆಗೆ ಓದಿದವರಿಗೆ ಇದು ಹಳೆಯ ಹೂವಿನ ಪರವಾದ ವಕಾಲತ್ತು ಎನಿಸಿರಬಹುದು. ಆ ವಕಾಲತ್ತು ಒಂದು ಹಂತಕ್ಕೆ ಬಂದು ನಿಲ್ಲಲೇಬೇಕು. ಹಳೆಯ ಹೂವು ಮಾತಾಡುತ್ತಿತ್ತು ಎಂದೆವು. ಅದು ಯಾರಿಗೆ ಏನು ಹೇಳುತ್ತಿತ್ತು?

ಗರತಿಯರ ಹೆಸರಾಂತ ತ್ರಿಪದಿಯೊಂದರಲ್ಲಿ ಗಂಡ ಹೆಂಡತಿಗೆ ಮಲ್ಲಿಗೆ ಮುಡಿ ಎನ್ನುತ್ತಾನೆ, ದಣಿದಿದ್ದರೆ ಮಲಗು ಎನ್ನುತ್ತಾನೆ, ಕೊನೆಗೆ ತನ್ನ ಮೋರೆ ನೋಡಿ ತವರು ಮರೆ ಎನ್ನುತ್ತಾನೆ. ಅಕ್ಕರೆಯೂ ಅಪ್ಪಣೆಯೂ ಒಂದೇ ಉಸಿರಿನಲ್ಲಿವೆ. ಮಲ್ಲಿಗೆ ಅಲ್ಲಿ ಕೊಡುಗೆ. ತವರನ್ನು ಮರೆಯುವುದು ಅದರ ಬೆಲೆ. ಹೂವು ಹೆಣ್ಣಿನ ತಲೆಯ ಮೇಲಿದ್ದರೂ ಅದರ ಕೀಲಿ ಗಂಡಿನ ಕೈಯಲ್ಲಿತ್ತು. ಆ ಗಂಡು ಸತ್ತರೆ ಹೂವೂ ಹೋಗುತ್ತಿತ್ತು.

ಬಣ್ಣಕ್ಕಿಂತ ಹೂವು ಎಷ್ಟು ಕಟುವಾಗಿ ಮಾತಾಡುತ್ತಿತ್ತು ಎಂಬುದಕ್ಕೆ ಇದೊಂದೇ ಸಾಕ್ಷಿ ಸಾಕು. ನಮ್ಮಲ್ಲಿ ಕೆಂಪು ಮದುಮಗಳ ಬಣ್ಣ. ಕೇಶಮುಂಡನ ಮಾಡಿಸಿಕೊಂಡ ಬ್ರಾಹ್ಮಣ ವಿಧವೆ ಉಡುತ್ತಿದ್ದುದೂ ಕೆಂಪು ಸೀರೆಯೇ. ಸೀರೆಯ ಬಣ್ಣ ನೋಡಿ ಇಬ್ಬರನ್ನು ಬೇರೆ ಮಾಡಬೇಕಿರಲಿಲ್ಲ; ತಲೆಯ ಮೇಲೆ ಹೂವಿದೆಯೇ ಇಲ್ಲವೇ ಎಂಬುದು ಎಲ್ಲವನ್ನೂ ಹೇಳುತ್ತಿತ್ತು. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಬಾಲವಿಧವೆಯೊಬ್ಬಳ ಇಡೀ ಬದುಕಿನ ಕತೆ. 1983ರಲ್ಲಿ ಪ್ರೇಮಾ ಕಾರಂತರು ಅದನ್ನು ಸಿನಿಮಾ ಮಾಡಿದರು. ಆ ಕಾದಂಬರಿಯನ್ನು ಓದಿದ ಮೇಲೆ ಮದುವೆಮನೆಯ ಹೂವಿನ ತಟ್ಟೆಯನ್ನು ಮೊದಲಿನ ಕಣ್ಣಿನಿಂದ ನೋಡುವುದು ಕಷ್ಟ. ಉತ್ತರ ಕರ್ನಾಟಕದ ಹಲವು ಜಾತಿಗಳಲ್ಲಿ ವಿಧವೆಯರಿಗೆ ಉಡಿಕಿ ಮದುವೆ ಇತ್ತು, ಅದು ದೊಡ್ಡ ಮಾತು. ಆದರೆ ಮೊದಲ ಮದುವೆಯ ಸಡಗರ ಅದಕ್ಕಿರಲಿಲ್ಲ.

ಈ ಹಿನ್ನೆಲೆಯಲ್ಲಿ ಅಕ್ಕಮಹಾದೇವಿಯ ಮದುವೆಯ ವಚನವನ್ನು ಮತ್ತೊಮ್ಮೆ ಓದಬೇಕು. ಅಲ್ಲಿ ಹಂದರದ ವರ್ಣನೆಯಿದೆ: ನೆಲ ಪಚ್ಚೆಯದು, ತೋರಣ ಬಂಗಾರದ್ದು, ಕಂಬ ವಜ್ರದ್ದು, ಚಪ್ಪರ ಹವಳದ್ದು. ಕನ್ನಡದ ಅತಿ ಪ್ರಸಿದ್ಧ ಮದುವೆಯ ಹಂದರಗಳಲ್ಲಿ ಒಂದಾದ ಇದರಲ್ಲಿ ಒಂದೂ ಹೂವಿಲ್ಲ. ಹಸಿರು, ಹಳದಿ, ಹೊಳಪು, ಕೆಂಪು, ಯಾವುದೂ ನಸು ಅಲ್ಲ, ಯಾವುದೂ ತಿಳಿ ಅಲ್ಲ. ಎಲ್ಲವೂ ಬಾಡದ ವಸ್ತುಗಳು. ಇದನ್ನು ಭಕ್ತಿಯ ಅದ್ಧೂರಿತನ ಎಂದು ದಾಟಿಹೋಗಬಹುದು. ಆದರೆ ಅವಳ ಇನ್ನೊಂದು ವಚನದಲ್ಲಿ ಸಾಯುವ, ಕೆಡುವ ಗಂಡಂದಿರನ್ನು ಒಲೆಗೆ ಹಾಕು ಎಂಬ ಸಿಟ್ಟಿದೆ. ಎರಡನ್ನೂ ಒಟ್ಟಿಗೆ ಇಟ್ಟರೆ ಒಂದು ಲೆಕ್ಕ ಕಾಣುತ್ತದೆ. ಗಂಡನ ಸಾವಿನೊಂದಿಗೆ ಹೆಣ್ಣಿನ ಹೂವು ಕಿತ್ತುಹೋಗುವ ಸಮಾಜದಲ್ಲಿ ಅಕ್ಕ ಸಾವಿಲ್ಲದವನನ್ನು ವರಿಸುತ್ತಾಳೆ. ಹಂದರದಿಂದ ಹೂವನ್ನು ತೆಗೆದು, ಅದನ್ನು ಗಂಡನ ಹೆಸರಿನೊಳಗೇ ಇಟ್ಟುಕೊಳ್ಳುತ್ತಾಳೆ. ನಾಲಗೆಯ ಮೇಲಿನ ಮಲ್ಲಿಗೆಯನ್ನು ಯಾರೂ ಕೀಳಲಾರರು.

ಅಕ್ಕಿಆಲೂರಿಗೆ ಹತ್ತಿರದ ಹಾನಗಲ್ಲಿನಲ್ಲಿ ತಾರಕೇಶ್ವರ ಗುಡಿಯ ಛತ್ತಿನಲ್ಲಿ ಇಂಥದ್ದೇ ಇನ್ನೊಂದು ಬಾಡದ ಹೂವಿದೆ. ತಲೆ ಎತ್ತಿದರೆ ಎಸಳಿನ ಮೇಲೆ ಎಸಳಾಗಿ ಕೆಳಗಿಳಿಯುವ ಕಲ್ಲಿನ ತಾವರೆ. ಬಣ್ಣವಿಲ್ಲ, ವಾಸನೆಯಿಲ್ಲ. ಆದರೂ ಅದು ಹೂವಿನ ಗೋಡೆಯಂತೆ ಮೂಕವಲ್ಲ, ಏಕೆಂದರೆ ಬಾಡುವುದನ್ನು ಬಲ್ಲ ಕೈ ಬೇಕೆಂದೇ ಬಾಡದ್ದನ್ನು ಕೆತ್ತಿದೆ. ಪ್ಲಾಸ್ಟಿಕ್ ಹೂವು ಬಾಡದಿರುವುದು ಬಾಡುವುದರ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲದ್ದರಿಂದ.

ಹಾಗಾದರೆ ತಿಳಿಬಣ್ಣದ ಸ್ಟೇಜನ್ನು ಹೇಗೆ ತೂಗಬೇಕು? ಅದರ ದೊಡ್ಡ ಕೊರತೆ ಮೂಕತನ. ಅದು ಹೂವಿನಿಂದ ಬಣ್ಣವೊಂದನ್ನೇ ತೆಗೆದುಕೊಂಡು ಹೊತ್ತು, ಘಮ, ಮೈ ಎಲ್ಲವನ್ನೂ ಬಿಟ್ಟಿತು. ಆದರೆ ಆ ಮೂಕತನದಲ್ಲೇ ಒಂದು ಕರುಣೆಯೂ ಇದೆ. ಮಾತು ಕಳೆದುಕೊಂಡ ಹೂವು ಬೈಗುಳವನ್ನೂ ಕಳೆದುಕೊಂಡಿದೆ. ಆ ಗೋಡೆಯ ಮುಂದೆ ಮದುಮಗಳ ವಿಧವೆ ತಾಯಿಯೂ ನಿಂತು ಫೋಟೋ ತೆಗೆಸಿಕೊಳ್ಳಬಹುದು. ಪೀಚ್ ಬಣ್ಣದ ಗುಲಾಬಿ ನೀನು ಯಾರು ಎಂದು ಕೇಳುವುದಿಲ್ಲ. ನಮ್ಮ ಸಂಸ್ಕೃತಿಯ ಹೂವು ಎಂದು ಎದೆ ಬಡಿದುಕೊಳ್ಳುವವರು ಮೊದಲು ಇದಕ್ಕೆ ಉತ್ತರ ಹೇಳಬೇಕು. ಅದೇ ಹೊತ್ತಿಗೆ ಹೊಸ ಅಲಂಕಾರವನ್ನು ಮೆಚ್ಚುವವರೂ ಒಂದನ್ನು ಗಮನಿಸಬೇಕು. ಸ್ಟೇಜಿನ ಮೇಲೆ ಹೂವು ಯಾರನ್ನೂ ಕೇಳದಿದ್ದರೂ, ಬಾಗಿಲಲ್ಲಿ ಹೂವು, ಅರಿಶಿನ, ಕುಂಕುಮ ಹಿಡಿದು ನಿಂತ ತಟ್ಟೆ ಇಂದಿಗೂ ಕೆಲವರ ಮುಂದೆ ನಿಲ್ಲುತ್ತದೆ, ಕೆಲವರನ್ನು ದಾಟುತ್ತದೆ. ಹಿಂದಿನ ಪರದೆ ಮೆದುವಾಯಿತು, ಬಾಗಿಲು ಮೆದುವಾಗಲಿಲ್ಲ.

ಈ ಸೀಮೆಯಲ್ಲಿ ಮದುವೆಗೆ ಹೋಗುವುದನ್ನು ಅಕ್ಕಿಕಾಳಿಗೆ ಹೋಗುವುದು ಎನ್ನುತ್ತಾರೆ. ಮುಹೂರ್ತಕ್ಕೆ ಮುಂಚೆ ಹುಡುಗರು ಬುಟ್ಟಿ ಹಿಡಿದು ಸಾಲುಸಾಲಾಗಿ ಅಕ್ಕಿಕಾಳು ಹಂಚುತ್ತಾ ಬರುತ್ತಾರೆ. ಅವರಿಗೆ ಅವಸರ, ಚಾಚಿದ ಕೈಗೆಲ್ಲ ಹಾಕುತ್ತಾ ಮುಂದೆ ಹೋಗುತ್ತಾರೆ, ಕೈ ಯಾರದೆಂದು ನೋಡುವ ಪುರುಸೊತ್ತು ಅವರಿಗಿಲ್ಲ. ಈಚೆಗೆ ಅನ್ನ ಹಾಳಾಗಬಾರದೆಂದು ಕೆಲವು ಮದುವೆಗಳಲ್ಲಿ ಅಕ್ಕಿಯ ಬದಲು ಹೂವಿನ ಎಸಳು ಹಂಚುತ್ತಾರೆ. ಬಣ್ಣ ಹೊಂದಿಸುವ ಎಲ್ಲ ಖರ್ಚಿಗಿಂತ ಈ ಸಣ್ಣ ಬದಲಾವಣೆಯಲ್ಲಿ ಹೆಚ್ಚು ಹೊಸತನವಿದೆ. ಬಾಗಿಲ ತಟ್ಟೆ ದಾಟಿಹೋದ ಕೈಗೂ ಬುಟ್ಟಿಯಿಂದ ಒಂದು ಹಿಡಿ ಹೂವು ಬೀಳುತ್ತದೆ. ಅದು ಬಾಡುವ ಹೂವು, ವಾಸನೆ ಇರುವ ಹೂವು. ಎಸೆದ ಮೇಲೂ ಅಂಗೈಯಲ್ಲಿ ಒಂದಿಷ್ಟು ಘಮ ಉಳಿಯುತ್ತದೆ.