ಪದಗುಚ್ಛದ ರೂಪ ಮತ್ತು ಕಾರ್ಯ: ಶಾಲಾ ಇಂಗ್ಲಿಷ್ ವ್ಯಾಕರಣದ ಒಂದು ವರ್ಗೀಕರಣದ ವಿಮರ್ಶೆ

ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣವು ಭಾರತದಲ್ಲಿ ರೂಢಿಗೊಳಿಸಿದ ಪದ್ಧತಿಯಲ್ಲಿ ಪದಗುಚ್ಛಕ್ಕೆ ಹೆಸರು ಬರುವುದು ಅದು ಮಾಡುವ ಕೆಲಸದಿಂದ. ನಾಮಪದದ ಕೆಲಸ ಮಾಡಿದರೆ ನಾಮಪದಗುಚ್ಛ, ವಿಶೇಷಣದ ಕೆಲಸ ಮಾಡಿದರೆ ವಿಶೇಷಣ ಪದಗುಚ್ಛ, ಕ್ರಿಯಾವಿಶೇಷಣದ ಕೆಲಸ ಮಾಡಿದರೆ ಕ್ರಿಯಾವಿಶೇಷಣ ಪದಗುಚ್ಛ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಂಥ ಬಹುಭಾಷಿಕ ಪ್ರದೇಶದ ಕಲಿಕೆಗೆ ಈ ವರ್ಗೀಕರಣ ಎಷ್ಟು ಸಮರ್ಪಕ ಎಂಬುದು ಪ್ರಸ್ತುತ ಟಿಪ್ಪಣಿಯ ಪ್ರಶ್ನೆ.

ಎರಡು ವಾಕ್ಯಗಳನ್ನು ಗಮನಿಸಬಹುದು: 'ದ ಬ್ರಿಜ್ ಓವರ್ ದ ಭೀಮಾ ಈಸ್ ಓಲ್ಡ್', 'ಬರ್ಡ್ಸ್ ಫ್ಲೈ ಓವರ್ ದ ಭೀಮಾ'. 'ಓವರ್ ದ ಭೀಮಾ' ಎಂಬುದರ ರೂಪ ಎರಡರಲ್ಲಿಯೂ ಒಂದೇ. ಆದರೂ ಶಾಲಾ ವ್ಯಾಕರಣದಲ್ಲಿ ಮೊದಲನೆಯದು ವಿಶೇಷಣ ಪದಗುಚ್ಛ, ಎರಡನೆಯದು ಕ್ರಿಯಾವಿಶೇಷಣ ಪದಗುಚ್ಛ. ಕ್ವರ್ಕ್ ಮತ್ತು ಸಂಗಡಿಗರ 1985ರ ವ್ಯಾಕರಣವೂ ಹಡಲ್‌ಸ್ಟನ್ ಮತ್ತು ಪುಲಮ್ ಅವರ 2002ರ ವ್ಯಾಕರಣವೂ ಎರಡನ್ನೂ ಪ್ರಿಪೊಸಿಷನ್ ಪದಗುಚ್ಛವೆಂದೇ ಪರಿಗಣಿಸುತ್ತವೆ. ಕಾರ್ಯವನ್ನು ಬೇರೆಯಾಗಿ ವಿವರಿಸುತ್ತವೆ. ಶಾಲಾ ವರ್ಗೀಕರಣದ ದೋಷವಿರುವುದು ಇಲ್ಲಿಯೇ: ಅದು ಜಾತಿಯನ್ನೂ ಕಾರ್ಯವನ್ನೂ ಒಂದೇ ಹೆಸರಿನಲ್ಲಿ ಬೆರೆಸುತ್ತದೆ.

ಈ ಬೆರಕೆಯ ತೊಡಕು ಕನ್ನಡದ ಎದುರಿನಲ್ಲಿ ಸ್ಪಷ್ಟವಾಗುತ್ತದೆ. 'ಭೀಮೆಯ ಮೇಲಿನ ಸೇತುವೆ', 'ಭೀಮೆಯ ಮೇಲೆ ಹಾರುತ್ತವೆ' ಎಂಬಲ್ಲಿ 'ಮೇಲಿನ', 'ಮೇಲೆ' ಎಂಬ ರೂಪಗಳೇ ಕಾರ್ಯಭೇದವನ್ನು ಹೇಳುತ್ತವೆ. ಇದೇ ಪ್ರದೇಶದಲ್ಲಿ ಕೇಳಿಬರುವ ಮರಾಠಿಯಲ್ಲಿ 'ನದೀವರ್' ಎಂಬುದು ನಾಮಪದದ ಮುಂದೆ 'ನದೀವರ್ಚಾ ಪೂಲ್' ಆಗುತ್ತದೆ; ಉರ್ದುವಿನಲ್ಲಿ 'ನದೀ ಕೆ ಊಪರ್' ಎಂಬುದು 'ನದೀ ಕೆ ಊಪರ್ ಕಾ ಪುಲ್' ಆಗುತ್ತದೆ. ಇಂಗ್ಲಿಷ್ ಬಚ್ಚಿಡುವ ಭೇದವನ್ನು ಮೂರೂ ಭಾಷೆಗಳು ಬಾಹ್ಯರೂಪದಲ್ಲಿಯೇ ತೋರುತ್ತವೆ. ಆದುದರಿಂದ ವಿದ್ಯಾರ್ಥಿಗೆ ಕಾರ್ಯದ ಅರಿವು ಹೊಸದಲ್ಲ. ರೂಪ ಬದಲಾಗದೆಯೂ ಕಾರ್ಯ ಬದಲಾಗಬಲ್ಲದು ಎಂಬುದೇ ಹೊಸತು. ಕಲಿಸಬೇಕಾದ ಈ ಅಂಶವನ್ನೇ ಶಾಲಾ ವರ್ಗೀಕರಣ ಮರೆಮಾಡುತ್ತದೆ.

'ಐ ಸಾ ದ ಫಾರ್ಮರ್ ಆನ್ ದ ಹಿಲ್' ಎಂಬ ಸಂದಿಗ್ಧ ವಾಕ್ಯಕ್ಕೆ 'ಗುಡ್ಡದ ಮೇಲಿನ ರೈತನನ್ನು ಕಂಡೆ', 'ರೈತನನ್ನು ಗುಡ್ಡದ ಮೇಲೆ ಕಂಡೆ' ಎಂಬ ಎರಡು ಅನುವಾದಗಳು ಸಾಧ್ಯ. ಅನುವಾದವನ್ನು ಇಲ್ಲಿ ಒಂದು ಪರೀಕ್ಷೆಯಾಗಿ ಬಳಸಬಹುದು. ಆದರೆ ಅದರ ಮಿತಿಯನ್ನು ಅರಿತಿರಬೇಕು. 'ಎ ಲೆಟರ್ ಟು ದ ಹೆಡ್‌ಮಾಸ್ಟರ್' ಎಂಬುದಕ್ಕೆ 'ಮುಖ್ಯೋಪಾಧ್ಯಾಯರಿಗೆ ಬರೆದ ಪತ್ರ' ಎಂದು ಕೃದಂತವನ್ನು ಸೇರಿಸಬೇಕಾಗುತ್ತದೆ. 'ಎ ಕಪ್ ಆಫ್ ಟೀ' ಎಂಬುದು 'ಒಂದು ಕಪ್ ಚಹಾ' ಆದಾಗ 'ಆಫ್'ಗೆ ಸಂವಾದಿಯಾದ ಪ್ರತ್ಯಯವೇ ಇರುವುದಿಲ್ಲ. ಅನುವಾದವು ಕಾರ್ಯವನ್ನು ಸೂಚಿಸಬಲ್ಲದು, ಜಾತಿಯನ್ನು ನಿರ್ಣಯಿಸಲಾರದು. ಜಾತಿನಿರ್ಣಯಕ್ಕೆ ಪದಗುಚ್ಛದ ಶೀರ್ಷಪದವನ್ನೂ ಅದರ ಆಂತರಿಕ ರಚನೆಯನ್ನೂ ಇಂಗ್ಲಿಷಿನೊಳಗೇ ನೋಡಬೇಕು.

ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಡಿ. ಎನ್. ಶಂಕರ ಭಟ್ಟರು ವಾದಿಸಿದರು. ಅದೇ ನ್ಯಾಯ ಇಂಗ್ಲಿಷಿಗೂ ಸಲ್ಲುತ್ತದೆ. ಮೊದಲು ಶೀರ್ಷಪದದಿಂದ ಜಾತಿ, ಅನಂತರ ವಾಕ್ಯದಲ್ಲಿನ ಸ್ಥಾನದಿಂದ ಕಾರ್ಯ ಎಂಬ ಎರಡು ಪ್ರತ್ಯೇಕ ಪ್ರಶ್ನೆಗಳನ್ನು ಕೇಳಿದರೆ ವಿದ್ಯಾರ್ಥಿಯ ಉತ್ತರ ಎಲ್ಲಿ ತಪ್ಪಿತೆಂಬುದಾದರೂ ತಿಳಿಯುತ್ತದೆ. ಎರಡನ್ನೂ ಒಂದೇ ಹೆಸರಿನಿಂದ ಅಳೆಯುವ ಪ್ರಶ್ನೆಪತ್ರಿಕೆ 'ಪ್ರಿಪೊಸಿಷನ್ ಪದಗುಚ್ಛ' ಎಂದು ಬರೆದವನ ಸರಿಯಾದ ವಿಶ್ಲೇಷಣೆಯನ್ನೂ ತಪ್ಪೆಂದೇ ಎಣಿಸುತ್ತದೆ.