ಪಾವಿನಿಂದ ಗ್ರಾಮಿಗೆ

1956ರ ಕಾಯಿದೆಯಿಂದ ವಿಧಿಸಲ್ಪಟ್ಟು, 1958ರ ಅಕ್ಟೋಬರಿನಿಂದ ಹಂತಹಂತವಾಗಿ ಆಚರಣೆಗೆ ಬಂದು, 1962ರ ಏಪ್ರಿಲಿನ ವೇಳೆಗೆ ಕಡ್ಡಾಯವಾದ ಮೆಟ್ರಿಕ್ ಪದ್ಧತಿಯು ಶಿವಮೊಗ್ಗದ ಗಾಂಧಿಬಜಾರಿನ ಅಂಗಡಿಗಳಿಂದ ಸೇರು ಪಾವುಗಳನ್ನು ಹೊರಡಿಸಿತಾದರೂ, ಅಡುಗೆಮನೆಯ ಅಕ್ಕಿಡಬ್ಬಿಯಲ್ಲಿ ಕುಳಿತ ಹಿತ್ತಾಳೆಯ ಪಾವನ್ನು ಕದಲಿಸಲಾರದೆ ಹೋಯಿತು. ಕಿಲೋದಲ್ಲಿ ಕೊಂಡುದನ್ನು ಪಾವಿನಲ್ಲಿ ಅಳೆದು ಬೇಯಿಸುವ ಈ ದ್ವೈತವು ಬಳಕೆಯಿರುವಷ್ಟು ಕಾಲ ಯಾರನ್ನೂ ಬಾಧಿಸಲಿಲ್ಲ. ಬಾಯಿಂದ ಬಾಯಿಗೆ ಬಂದ ಪಾಕಕ್ರಮಗಳನ್ನು ಬರೆಹಕ್ಕಿಳಿಸಿ, ದೂರದ ಊರಿನಲ್ಲಿ ಸಂಸಾರ ಹೂಡಿದ ಮಕ್ಕಳಿಗೆ ಕಳುಹಿಸಬೇಕಾಗಿ ಬಂದಾಗಲಷ್ಟೇ, ಗಾತ್ರವನ್ನು ತೂಕಕ್ಕೆ ಪರಿವರ್ತಿಸುವ ಪ್ರಶ್ನೆ ಎದ್ದಿತು. ಆ ಪರಿವರ್ತನೆ ಉಪಯುಕ್ತವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಅದನ್ನು ನಡೆಸುತ್ತಿರುವ ರೀತಿಯಲ್ಲಿ ಮಾತ್ರ ಸಂದೇಹ ಬಹಳವಾಗಿದೆ.

ಒಂದು ಪಾವೆಂದರೆ ಇನ್ನೂರೈವತ್ತು ಗ್ರಾಮು ಎಂಬ ಏಕಸೂತ್ರವೇ ಈ ಪ್ರಮಾದಗಳ ಮೂಲ. ಪಾವು ಸೇರಿನ ಕಾಲುಭಾಗ, ಸೇರು ಹೆಚ್ಚುಕಡಮೆ ಕಿಲೋ, ಆದುದರಿಂದ ಪಾವು ಕಾಲುಕಿಲೋ ಎಂಬ ತರ್ಕ ಕಿವಿಗೆ ಹಿತವಾಗಿದೆ. ಆದರೆ ಒಂದೇ ಪಾವಿನಲ್ಲಿ ಮೊದಲು ತೊಗರಿಬೇಳೆಯನ್ನು ತುಂಬಿ, ಅಂಗೈಯಿಂದ ಬಾಯಿ ಸವರಿ ತಕ್ಕಡಿಗೆ ಸುರಿದು, ಅನಂತರ ಅದರಲ್ಲೇ ತೆಳು ಅವಲಕ್ಕಿಯನ್ನು ತುಂಬಿ ಸುರಿದರೆ, ಅವಲಕ್ಕಿಯು ಬೇಳೆಯ ಮೂರರಲ್ಲೊಂದು ಪಾಲೂ ತೂಗುವುದಿಲ್ಲ. ಹಿಟ್ಟಿನ ವಿಷಯವಂತೂ ಇನ್ನೂ ಚಂಚಲ: ಗಿರಣಿಯಿಂದ ಆಗತಾನೆ ಬಂದು ಇನ್ನೂ ಬೆಚ್ಚಗೆ ಸಡಿಲವಾಗಿರುವ ಅಕ್ಕಿಹಿಟ್ಟು, ಎರಡು ದಿನ ಡಬ್ಬಿಯಲ್ಲಿ ಕುಳಿತು ಒತ್ತಿಕೊಂಡ ಹಿಟ್ಟು, ಜರಡಿ ಹಿಡಿದ ಹಿಟ್ಟು, ಈ ಮೂರೂ ಒಂದೇ ಪಾವಿನಲ್ಲಿ ಮೂರು ತೂಕಗಳನ್ನು ಕೊಡುತ್ತವೆ. ಚಕ್ಕುಲಿ ಒಮ್ಮೆ ಗರಿಗರಿಯಾಗಿ, ಇನ್ನೊಮ್ಮೆ ಕಲ್ಲಾಗುವುದಕ್ಕೆ ಕೈಗುಣವನ್ನು ದೂರುವವರು ಈ ಸಂಗತಿಯನ್ನು ಗಮನಿಸಬೇಕು.

ಹಳೆಯ ಮೈಸೂರು ಸೀಮೆಯಲ್ಲಿ ಸೇರು ಒಂದೇ ಆಗಿರಲಿಲ್ಲವೆಂಬುದನ್ನೂ ಪರಿವರ್ತಕರು ಮರೆಯುತ್ತಾರೆ. ಧಾನ್ಯವನ್ನು ಅಳೆಯುವ ಪಕ್ಕಾ ಸೇರು ಬೇರೆ. ಬೆಲ್ಲ, ಹುಣಿಸೆಹಣ್ಣುಗಳನ್ನು ತೂಗುವ ಕಚ್ಚಾ ಸೇರು ಬೇರೆ. ಎರಡನೆಯದು 24 ರೂಪಾಯಿ ತೂಕದ್ದು, ಅಂದರೆ ಸುಮಾರು 280 ಗ್ರಾಮಿನದು. ಅಜ್ಜಿಯ ಹಸ್ತಪ್ರತಿಯಲ್ಲಿ ‘ಒಂದು ಸೇರು ಬೆಲ್ಲ’ ಎಂದಿದ್ದುದನ್ನು ಮೊಮ್ಮಗಳು ಕಿಲೋ ಎಂದೆಣಿಸಿದರೆ ಹೋಳಿಗೆಯ ಹೂರಣದ ಗತಿಯೇನು? ಭದ್ರಾವತಿಯಲ್ಲಿ ತೊಡಕು ಮತ್ತೂ ಹೆಚ್ಚಿನದು. ಬೆಂಕಿಪುರವೆನಿಸಿದ್ದ ಆ ಊರಿನಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆಯ ಕುಲುಮೆ ಉರಿಯತೊಡಗಿದ ಮೇಲೆ ತಮಿಳು ತೆಲುಗು ಸೀಮೆಗಳ ಕುಟುಂಬಗಳು ಬಂದು ನೆಲಸಿದವಷ್ಟೆ. ಒಬ್ಬರ ಪಡಿ, ಇನ್ನೊಬ್ಬರ ಸೋಲ, ನಮ್ಮವರ ಪಾವು, ಒಂದಕ್ಕೊಂದು ಹೊಂದದ ಅಳತೆಗಳು. ನೆರೆಮನೆಯ ಪಾಕವನ್ನು ಕೇಳಿ ಬರೆದುಕೊಳ್ಳುವವರಿಗೆ ಅಲ್ಲಿ ಗ್ರಾಮೇ ಮಧ್ಯಸ್ಥ. ಅದುರು, ಇದ್ದಿಲು, ಸುಣ್ಣಕಲ್ಲುಗಳ ತೂಕವಿಡಿದು ಕುಲುಮೆಗೆ ಉಣಿಸುತ್ತಿದ್ದ ಊರಿಗೆ ಈ ವಿವೇಕ ಹೊಸದೇನೂ ಆಗಬೇಕಾಗಿಲ್ಲ.

ಆದರೆ ಅನುಪಾತವನ್ನು ಅಂಕಿಯಾಗಿಯೇ ಎತ್ತಿ ತೂಕಕ್ಕೆ ಹಚ್ಚುವುದು ಅತ್ಯಂತ ಅಪಾಯಕರ. ಮೈಸೂರುಪಾಕಿಗೆ ಕಡಲೆಹಿಟ್ಟು ಒಂದು, ಸಕ್ಕರೆ ಎರಡು, ತುಪ್ಪ ಮೂರು ಎಂದು ಅನೇಕರು ಲೋಟದ ಲೆಕ್ಕದಲ್ಲಿ ಹೇಳುವರು. ಹಿಟ್ಟು ಹಗುರ, ಸಕ್ಕರೆ ತುಪ್ಪಗಳು ಭಾರ. ಆದುದರಿಂದ ತಕ್ಕಡಿಯಲ್ಲಿ ಇದೇ ಪಾಕವು ಸರಿಸುಮಾರು 1:4:6 ಆಗುತ್ತದೆ. ಇದನ್ನರಿಯದೆ ಒಂದು ಕಿಲೋ ಹಿಟ್ಟಿಗೆ ಎರಡು ಕಿಲೋ ಸಕ್ಕರೆ, ಮೂರು ಕಿಲೋ ತುಪ್ಪ ಹಾಕಿದವನು ಹರಳುಗಟ್ಟದ, ಹಸಿಹಿಟ್ಟಿನ ವಾಸನೆಯ ಮುದ್ದೆಯೊಂದನ್ನು ಪಡೆಯುತ್ತಾನೆ. ಮದುವೆಮನೆಯ ಅಡುಗೆಭಟ್ಟರು ಈ ತಪ್ಪನ್ನು ಮಾಡುವುದಿಲ್ಲ. ದಿನಸಿಯ ಪಟ್ಟಿಯನ್ನು ಕಿಲೋದಲ್ಲಿ ಬರೆಸಿ, ಒಲೆಯ ಮುಂದೆ ಸೇರಿನಲ್ಲಿಯೇ ಲೆಕ್ಕ ಹಾಕುವ ಅವರ ತಲೆಯೊಳಗೆ ಪ್ರತಿ ಪದಾರ್ಥಕ್ಕೂ ಪ್ರತ್ಯೇಕವಾದ ಕೋಷ್ಟಕವಿದೆ. ಅದನ್ನು ಯಾರೂ ಅಚ್ಚು ಹಾಕಿಸಲಿಲ್ಲವೆಂಬುದು ನಮ್ಮ ಪಾಕಗ್ರಂಥಗಳ ದೌರ್ಭಾಗ್ಯ.

ತೂಕದ ಪಕ್ಷಪಾತಿಗಳು ಅನ್ನವನ್ನೂ ತಮ್ಮ ತಕ್ಕಡಿಗೆ ಎಳೆಯಹೊರಟಿರುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಒಂದು ಪಾವು ಅಕ್ಕಿಗೆ ಎರಡು ಪಾವು ನೀರೆಂಬಲ್ಲಿ ಪಾವು ಎಷ್ಟು ದೊಡ್ಡದೆಂಬುದೇ ಅಪ್ರಸ್ತುತ; ಅದೇ ಪಾತ್ರೆಯಿಂದ ಎರಡನ್ನೂ ಅಳೆದರೆ ಸಾಕು. ಹಳೆಯಕ್ಕಿ ಹೆಚ್ಚು ನೀರು ಕುಡಿಯುತ್ತದೆ, ಹೊಸಕ್ಕಿ ಕಡಮೆ. ಈ ವ್ಯತ್ಯಾಸವನ್ನು ಗ್ರಾಮು ತಿಳಿಸದು, ಪಾವೂ ತಿಳಿಸದು.

ಉಪ್ಪಿನಲ್ಲಿ ಮಾತ್ರ ತಕ್ಕಡಿಗೆ ಪೂರ್ಣಾಧಿಕಾರ ಸಲ್ಲುತ್ತದೆ. ಹಿಂದಿನವರು ಸೇರಿನಲ್ಲಿ ಅಳೆದುದು ಹರಳುಪ್ಪನ್ನು. ಹರಳುಗಳ ನಡುವೆ ಗಾಳಿಗೆ ಬೇಕಾದಷ್ಟು ಎಡೆಯಿರುತ್ತದೆ. ಇಂದಿನ ಪ್ಯಾಕೆಟಿನ ನುಣುಪುಡಿಯನ್ನು ಅದೇ ಸೇರಿನಲ್ಲಿ ಅಳೆದರೆ ಉಪ್ಪು ತೂಕದಲ್ಲಿ ಹೆಚ್ಚಾಗಿ ಬಿದ್ದು, ವರ್ಷವಿಡೀ ಇಡಬೇಕಾದ ಅಪ್ಪೆಮಿಡಿಯ ಉಪ್ಪಿನಕಾಯಿ ಬಾಯಿಗಿಡಲಾಗದಂತೆ ಆಗುವುದು. ಇದಕ್ಕೆ ಹೆದರಿ ಕೈ ಬಿಗಿಹಿಡಿದರೆ ಉಪ್ಪು ಸಾಲದೆ ಮಿಡಿ ಕೊಳೆಯುವುದು. ಸಾಗರ, ಹೊಸನಗರಗಳ ಕಡೆಯಿಂದ ಬರುವ ಮಿಡಿಯೋ ನೂರು, ಸಾವಿರಗಳ ಎಣಿಕೆಯಲ್ಲಿ ಮಾರಾಟವಾಗುವಂಥದು. ನೂರು ಮಿಡಿಗೆ ಇಷ್ಟು ಸೇರು ಉಪ್ಪೆಂಬ ಲೆಕ್ಕವನ್ನು ಗ್ರಾಮಿಗಿಳಿಸುವವರು ಉಪ್ಪನ್ನು ತೂಗಿದರೆ ಸಾಲದು, ನೂರು ಮಿಡಿಯನ್ನೂ ತೂಗಬೇಕು. ಗೋಲಿಯ ಗಾತ್ರದ ಮಿಡಿಗೂ ನಿಂಬೆಯ ಗಾತ್ರದ ಮಿಡಿಗೂ ಒಂದೇ ಉಪ್ಪು ಸಲ್ಲದಷ್ಟೆ.