ಗೆಣ್ಣು ನೋಡದೆ ಹೆಸರಿಡುವವರು

ಈ ವಾರ ಗೌರಿಹೂವಿನ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಒಂದೇ ಬಳ್ಳಿಯಲ್ಲಿ ಎಲೆ ಒಂಟಿಯಾಗಿಯೂ ಜೋಡಿಯಾಗಿಯೂ ಮೂರರ ಸುತ್ತಾಗಿಯೂ ಬರುವ ಆ ತರಲೆ ಗಿಡ ಇನ್ನೊಂದು ವಾರ ಕಾಯಲಿ. ಉಮ್ಮತ್ತೂರಿನ ಹೊಲದ ಬದುಗಳಿಂದ ಬಂದ ಫೋಟೊಗಳು ನನ್ನ ಹಳೆಯ ಸಿಟ್ಟನ್ನು ಕೆದಕಿವೆ. ಎಲ್ಲವೂ ಹೂವಿನ ಮುಖಕ್ಕೇ ಮೊಬೈಲ್ ಹಿಡಿದು ತೆಗೆದವು. ಕಾಂಡವಿಲ್ಲ, ಎಲೆಯಿಲ್ಲ. ಜೊತೆಗೊಂದು ಪ್ರಶ್ನೆ: ‘ಸಾರ್, ಈ ಎಳೆ ತೆನೆ ಅಣ್ಣೆಯದೋ, ಉತ್ತರಾಣಿಯದೋ?’

ಬೆರಕೆ ಸೊಪ್ಪು ಕೀಳುವ ಹೆಂಗಸರಿಗೆ ಈ ಗೊಂದಲವಿಲ್ಲ. ಅವರು ಕೀಳುವುದೇ ಹೂ ಬಿಡುವ ಮುಂಚೆ. ಹೂವಿನ ಪಂಥದವರನ್ನು ನಂಬಿದರೆ ಅಂದು ಮನೆಯಲ್ಲಿ ಸಾರಿಲ್ಲ! ಸಸ್ಯವಿಜ್ಞಾನಿ ಲಿನೇಯಸ್ 1753ರ ತನ್ನ ಗ್ರಂಥದಲ್ಲಿ ಕೇಸರಗಳನ್ನಾದರೂ ಎಣಿಸಿ ಗುಂಪು ಮಾಡಿದ. ನಮ್ಮ ಫೋಟೊ ಮಂದಿ ಅದನ್ನೂ ಎಣಿಸುವುದಿಲ್ಲ, ಬಣ್ಣ ನೋಡಿ ಹೆಸರಿಟ್ಟುಬಿಡುತ್ತಾರೆ.

ಅಣ್ಣೆ, ಕೀರೆ, ಹೊನಗೊನೆ, ಉತ್ತರಾಣಿ ಎಲ್ಲವೂ ದಂಟಿನ ಕುಟುಂಬದವೇ. ಅಣ್ಣೆಯ ಕಾಂಡದ ಮೇಲೆ ಬುಡದಿಂದ ಬೆರಳಾಡಿಸಿ. ಗೆಣ್ಣಿಗೆ ಒಂದೇ ಎಲೆ, ಮುಂದಿನ ಗೆಣ್ಣಿನದು ಬೇರೆ ದಿಕ್ಕಿಗೆ. ಹೀಗೆ ಕಾಂಡವನ್ನು ಸುತ್ತುತ್ತ ಮೇಲೇರುತ್ತವೆ. ದಂಟು, ಕೀರೆಗಳದೂ ಇದೇ ಕ್ರಮ. ಉತ್ತರಾಣಿಯಲ್ಲಾದರೆ ಉಬ್ಬಿದ ಗೆಣ್ಣಿಗೆ ಎರಡೆಲೆ, ಎದುರುಬದುರು. ಮೇಲಿನ ಜೋಡಿ ಕೆಳಗಿನದಕ್ಕೆ ಅಡ್ಡಲಾಗಿ. ಪಂಚೆಗೆ ಮುಳ್ಳುಕಾಯಿ ಅಂಟುವ ತನಕ ಕಾಯಬೇಕಿಲ್ಲ.

ಕೆರೆಯಂಚಿನ ಹೊನಗೊನೆಯದೂ ಜೋಡಿ ಎಲೆಯೇ. ಆದರೆ ದಕ್ಷಿಣ ಅಮೆರಿಕದಿಂದ ಬಂದು ನಮ್ಮ ಕೆರೆಗಳಿಗೆ ನುಗ್ಗಿರುವ ಅದರ ದಾಯಾದಿಗೂ ಜೋಡಿ ಎಲೆ. ಇಲ್ಲಿ ಎಲೆ ಕೈಕೊಡುತ್ತದೆ, ಹೂವನ್ನೇ ನೋಡಬೇಕು, ಒಪ್ಪಿದೆ. ಹೊನಗೊನೆಯ ಬಿಳಿ ಗೊಂಡೆ ಎಲೆಯ ಕಂಕುಳಿಗೇ ಅಂಟಿಕೊಂಡಿರುತ್ತದೆ; ಪರದೇಶಿಯದು ಉದ್ದ ತೊಟ್ಟಿನ ಮೇಲೆ ನಿಲ್ಲುತ್ತದೆ.

ಇಷ್ಟಕ್ಕೂ ಎಲೆ ಯಾವುದೆಂದು ಗೊತ್ತಿದ್ದರೆ ತಾನೆ ಜೋಡಣೆಯ ಮಾತು? ನೆಲನೆಲ್ಲಿಯ ಗರಿ ಹುಣಸೆ ಎಲೆಯಂತೆಯೇ ಕಾಣುತ್ತದೆ. ಮಗುಚಿ ನೋಡಿ: ಪುಟ್ಟ ಎಲೆಗಳ ಬುಡದಲ್ಲಿ ಹಸಿರು ಕಾಯಿಗಳು ಸಾಲಾಗಿ ನೇತಾಡುತ್ತಿರುತ್ತವೆ. ಹುಣಸೆಯ ಕಿರುಎಲೆಯ ಬುಡದಲ್ಲಿ ಮೊಗ್ಗೇ ಹುಟ್ಟದು. ಅಂದಮೇಲೆ ನೆಲನೆಲ್ಲಿಯ ಗರಿ ಎಲೆಯಲ್ಲ, ಪೂರ್ತಿ ಕೊಂಬೆ. ಅದರ ಮೇಲೆ ಒಂದು ಈ ಕಡೆ, ಒಂದು ಆ ಕಡೆ ಎಂದು ಎರಡು ಸಾಲಿನಲ್ಲಿ ಕೂತಿರುವವೇ ನಿಜವಾದ ಎಲೆಗಳು.

ಫೋಟೊ ಕಳಿಸುವವರು ದಯವಿಟ್ಟು ಎರಡು ಗೆಣ್ಣಾದರೂ ಕಾಣುವಂತೆ ಕಾಂಡದ್ದೊಂದು ತೆಗೆಯಿರಿ. ಬರೀ ಹೂವಿನ ಫೋಟೊಗೆ ಇನ್ನು ಮುಂದೆ ಉತ್ತರ ಬರೆಯುವುದಿಲ್ಲ.